ಹಿಮದ ಊರಲ್ಲಿ ಸೌದೆಯದೇ ಕಾರುಬಾರು

ಇಟಲಿಯಲ್ಲಿದ್ದೇನೆ ಅಂದರೆ ನಮ್ಮ ಕಡೆಯ ನೆಂಟರಿಷ್ಟರಿಗೆ ರೋಮ್, ವೆನಿಸ್ಸಿನ ದೋಣಿ, ವಾಲಿದ ಗೋಪುರ ಇಷ್ಟೇ ನೆನಪಾಗುವುದು. ಹಿಮ ಬೀಳುತ್ತದೆ ಅಂದರೆ ‘ಓ, ಆಲ್ಪ್ಸಾ?’ ಅನ್ನುತ್ತಾರೆ. ಆಲ್ಪ್ಸ್ ಅಲ್ಲ ಮಾರಾಯರೆ. ರೋಮಿನಿಂದ ಪೂರ್ವಕ್ಕೆ ಸುಮಾರು ಎರಡು ಗಂಟೆ ಗಾಡಿ ಓಡಿಸಿದರೆ ಸಿಗುವ ಅಬ್ರುಜ್ಜೊ ಸೀಮೆ. ಅಪೆನೈನ್ ಬೆಟ್ಟಸಾಲಿನಲ್ಲೇ ಎತ್ತರದ್ದಾದ 2912 ಮೀಟರಿನ ಗ್ರಾನ್ ಸಾಸ್ಸೊ ಇರುವುದು ಇಲ್ಲೇ. ಅದರ ಮಗ್ಗುಲಿಗೆ ಆತುಕೊಂಡ ಕಲ್ಲುಮನೆಗಳ ಹಳ್ಳಿಯೊಂದರಲ್ಲಿ ನನ್ನ ವಾಸ. ಚಳಿಗಾಲದಲ್ಲಿ ಬಾಲ್ಕನ್ ಕಡೆಯಿಂದ ಕೊರೆಯುವ ಗಾಳಿ ಹೊರಡುತ್ತದೆ. ಏಡ್ರಿಯಾಟಿಕ್ ಸಮುದ್ರ ದಾಟುವಾಗ ಅದರ ಬೆಚ್ಚನೆಯ ನೀರಿನ ತೇವವನ್ನೆಲ್ಲ ಹೊತ್ತುಕೊಳ್ಳುತ್ತದೆ. ಈ ಗುಡ್ಡಗಳಿಗೆ ಬಡಿದು ಮೇಲೇರುವಾಗ ಹೊತ್ತದ್ದನ್ನು ಇಳಿಸಿ ಹೋಗುತ್ತದೆ. ಪಶ್ಚಿಮ ಘಟ್ಟದಲ್ಲಿ ಮುಂಗಾರು ಮಾಡುವುದೂ ಇದೇ ಕೆಲಸ. ಅಲ್ಲಿ ಮಳೆ, ಇಲ್ಲಿ ಹಿಮ.

ಎಷ್ಟು ಹಿಮ ಎಂದು ಕೇಳುವವರಿಗೆ ಪಕ್ಕದ ಮೊಲೀಸೆ ಸೀಮೆಯ ಕಪ್ರಕೊತ್ತಾ ಎಂಬ ಊರಿನ ಕಥೆ ಹೇಳುತ್ತೇನೆ. 2015ರ ಮಾರ್ಚ್ 5ರಂದು ಅಲ್ಲಿ ಒಂದು ದಿನ ತುಂಬುವುದರೊಳಗೆ 256 ಸೆಂಟಿಮೀಟರ್ ಹಿಮ ಬಿತ್ತೆಂದು ಲೋಕಕ್ಕೆಲ್ಲ ಸುದ್ದಿಯಾಯಿತು. ಅಳತೆ ಸರಿಯಿತ್ತೇ ಎಂದು ಹವಾಮಾನದವರು ಕೊಂಕು ತೆಗೆದದ್ದುಂಟು. ಎರಡನೇ ಮಹಡಿಯ ಕಿಟಕಿಯಿಂದ ಹೊರಬಂದವರ ಹತ್ತಿರ ಆ ಮಾತು ನಡೆಯುವುದಿಲ್ಲ. ಇದೇ ಊರಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು ಹಣ ಕೂಡಿಸಿ, 1950ರಲ್ಲಿ ತವರಿಗೆ ಒಂದು ದೈತ್ಯ ಹಿಮ ಗುಡಿಸುವ ಲಾರಿಯನ್ನು ಹಡಗಿನಲ್ಲಿ ಕಳಿಸಿಕೊಟ್ಟರು. ಅದರ ಹೆಸರು ‘ಕ್ಲಿಪ್ಪರ್’. ವಲಸೆ ಹೋದವರು ಊರಿಗೆ ದೇವಸ್ಥಾನದ ಗೋಪುರ ಕಟ್ಟಿಸಿಕೊಟ್ಟದ್ದು ಕೇಳಿದ್ದೆ. ಲಾರಿ ಕೊಟ್ಟದ್ದು ಕೇಳಿರಲಿಲ್ಲ. ಗೋಪುರಕ್ಕಿಂತ ಲಾರಿಯೇ ವಾಸಿ ಅನ್ನುವುದು ಈಗ ನನ್ನ ಅಭಿಪ್ರಾಯ.

ಆದರೆ ನಾನು ಬರೆಯಹೊರಟಿದ್ದು ಹಿಮದ ಬಗ್ಗೆ ಅಲ್ಲ, ಸೌದೆಯ ಬಗ್ಗೆ. ಹಿಮ ತಾನಾಗಿ ಬೀಳುತ್ತದೆ, ಅದರಲ್ಲಿ ನಮ್ಮ ಕೈವಾಡ ಏನೂ ಇಲ್ಲ. ಸೌದೆ ಹಾಗಲ್ಲ. ಒಟ್ಟಬೇಕು, ಒಣಗಿಸಬೇಕು, ಸೀಳಬೇಕು, ಹೊತ್ತಿಸಬೇಕು. ಇಲ್ಲಿಯ ಚಳಿಗಾಲದ ಸುಖವೆಲ್ಲ ಇರುವುದು ಆ ಕೆಲಸದಲ್ಲಿ, ಮತ್ತು ಅದು ಶುರುವಾಗುವುದು ಮೇ ತಿಂಗಳಲ್ಲಿ.

ಸೌದೆಯನ್ನು ಇಲ್ಲಿ ಕ್ವಿಂಟಾಲ್ ಲೆಕ್ಕದಲ್ಲಿ ಮಾರುತ್ತಾರೆ. ಆಗ ತಾನೇ ಕಡಿದ ಮರದಲ್ಲಿ ಹತ್ತಿರಹತ್ತಿರ ಅರ್ಧ ತೂಕ ನೀರೇ ಇರುವುದರಿಂದ, ಹಸಿ ಸೌದೆ ಕೊಂಡವರು ನೀರಿಗೂ ದುಡ್ಡು ತೆರುತ್ತಾರೆ. ಆಮೇಲೆ ಆ ನೀರನ್ನು ಒಲೆಯಲ್ಲಿ ಕುದಿಸಿ ಆವಿ ಮಾಡುವುದಕ್ಕೆ ಉಳಿದ ಸೌದೆಯ ಶಾಖವನ್ನೂ ಕಳೆದುಕೊಳ್ಳುತ್ತಾರೆ. ತೇವ ಶೇಕಡಾ 20ಕ್ಕಿಂತ ಕೆಳಗಿಳಿಯುವ ತನಕ ಒಲೆಗೆ ಒಡ್ಡಬಾರದು ಎಂಬುದು ನಿಯಮ. ಅದನ್ನು ಅಳೆಯುವ ಪುಟ್ಟ ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ನನಗೆ ಪಾಠ ಹೇಳಿದ ಪಕ್ಕದ ಮನೆಯ ಅಜ್ಜಿಗೆ ಅದರ ಹಂಗಿಲ್ಲ. ಎರಡು ಸೀಳು ಎತ್ತಿಕೊಂಡು ತಾಳ ಹಾಕುತ್ತಾಳೆ. ಒಣಗಿದ್ದರೆ ‘ಟಣ್’ ಅನ್ನುತ್ತದೆ. ಹಸಿಯಿದ್ದರೆ ‘ದಬ್’ ಅನ್ನುತ್ತದೆ, ಅಷ್ಟೆ. ಇನ್ನೂ ಅನುಮಾನವಿದ್ದರೆ ಕೊರಡಿನ ತುದಿ ನೋಡುತ್ತಾಳೆ. ನಟ್ಟನಡುವಿನಿಂದ ಅಂಚಿಗೆ ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಒಡೆದಿರಬೇಕು, ತೊಗಟೆ ಉಗುರಿಗೆ ಸಲೀಸಾಗಿ ಎದ್ದು ಬರಬೇಕು.

ಒಟ್ಟುವುದಕ್ಕೂ ಕ್ರಮವಿದೆ. ನೆಲಕ್ಕೆ ತಾಗದಂತೆ ಕೆಳಗೆ ಎರಡು ಅಡ್ಡಮರ, ಗೋಡೆಗೂ ಸೌದೆಗೂ ನಡುವೆ ಒಂದು ಗೇಣು ಜಾಗ, ಬಿಸಿಲು ಬೀಳುವ ತೆಂಕಣ ದಿಕ್ಕು. ಮೇಲೆ ಮಾತ್ರ ತಗಡು. ಬದಿಗೆಲ್ಲ ಪ್ಲಾಸ್ಟಿಕ್ ಸುತ್ತಿ ಬಿಗಿದರೆ ಸೌದೆಗೆ ಬೂಷ್ಟು ಹಿಡಿಯುವುದು ಖಂಡಿತ. ಇಲ್ಲಿಯ ಕಾಡಿನ ರಾಜ ಬೀಚ್ ಮರ. ಅದರ ಸೀಳು ನೇರ, ಹೊಗೆ ಕಡಿಮೆ, ಜ್ವಾಲೆ ತಿಳಿ. ‘ಚೆರ್ರೊ’ ಎಂಬ ಒರಟು ಓಕ್ ಕೂಡ ಒಳ್ಳೆಯದೇ. ಒಣಗಲು ಎರಡು ವರ್ಷ ಬೇಡುತ್ತದೆ, ಆದರೆ ರಾತ್ರಿ ಮಲಗುವಾಗ ಒಂದು ದಪ್ಪ ಕೊರಡು ಇಟ್ಟರೆ ಬೆಳಗಿನವರೆಗೂ ಕೆಂಡ ಉಳಿಯುತ್ತದೆ. ಕೆಳಗಿನ ಕಣಿವೆಯಿಂದ ಬರುವ ಚೆಸ್ಟ್‌ನಟ್ ನನಗೆ ಆಗದು. ಚಟಪಟ ಸಿಡಿದು ಕಿಡಿ ಹಾರಿಸುತ್ತದೆ, ತೆರೆದ ಒಲೆಯ ಮುಂದೆ ಕೂತವರ ಕಂಬಳಿಗೆ ಅದರಿಂದಲೇ ತೂತು. ಪೈನ್ ಏನಿದ್ದರೂ ಪುಳ್ಳೆಗೆ ಸರಿ. ಅದರ ರಾಳದ ಹೊಗೆ ಹೊಗೆಗೂಡಿನ ಒಳಗೋಡೆಗೆ ಡಾಂಬರಿನ ಹಾಗೆ ಮೆತ್ತಿಕೊಂಡು, ಒಂದು ದಿನ ಅದಕ್ಕೇ ಬೆಂಕಿ ಹತ್ತುವ ಅಪಾಯವಿದೆ.

ನಮ್ಮ ಮನೆಯ ಒಲೆ ಎರಕದ ಕಬ್ಬಿಣದ್ದು, ಹಳೆಯ ಕಾಲದ್ದು. ಅಡುಗೆಗೂ ಅದೇ, ಮನೆ ಬೆಚ್ಚಗಿಡುವುದಕ್ಕೂ ಅದೇ. ಮೇಲ್ಭಾಗದಲ್ಲಿ ಒಂದರೊಳಗೊಂದು ಕೂರುವ ಬಳೆಗಳಿವೆ. ಪಾತ್ರೆಯ ತಳ ಎಷ್ಟಗಲವೋ ಅಷ್ಟು ಬಳೆಯನ್ನು ಕೊಕ್ಕೆಯಿಂದ ಎತ್ತಿಟ್ಟರೆ ಬೆಂಕಿ ನೇರ ತಳಕ್ಕೆ ಬಡಿಯುತ್ತದೆ. ಹೊತ್ತಿಸುವ ರೀತಿ ನಮ್ಮ ಹಳ್ಳಿಯ ಒಲೆಗೆ ಪೂರಾ ತಿರುಗುಮುರುಗು. ದಪ್ಪ ಸೌದೆ ಅಡಿಯಲ್ಲಿ, ಅದರ ಮೇಲೆ ಸಣ್ಣ ಸೀಳು, ಎಲ್ಲಕ್ಕೂ ಮೇಲೆ ಪುಳ್ಳೆ. ಕಡ್ಡಿ ಗೀರುವುದು ಮೇಲಿನಿಂದ. ಬೆಂಕಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುವಾಗ, ಕೆಳಗಿನ ಸೌದೆಯಿಂದ ಏಳುವ ಹೊಗೆ ಮೇಲಿನ ಜ್ವಾಲೆಯನ್ನು ದಾಟಿಯೇ ಹೋಗಬೇಕು; ಹೋಗುವಾಗ ಅದೂ ಉರಿದುಹೋಗುತ್ತದೆ. ಸೌದೆ ಹಿಡಿದುಕೊಂಡ ಮೇಲೆ ಗಾಳಿಯ ಕಿಂಡಿಯನ್ನು ಒಂದು ಕೂದಲೆಳೆ ಮುಚ್ಚಬೇಕು. ಹೆಚ್ಚು ಮುಚ್ಚಿದರೆ ಹೊಗೆಯಾಡುತ್ತದೆ, ಕಡಿಮೆಯಾದರೆ ಶಾಖವೆಲ್ಲ ಹೊಗೆಗೂಡಿನ ಪಾಲು. ಗುರ್ರೆನ್ನುತ್ತಿದ್ದ ಸದ್ದು ಇಳಿದು, ಜ್ವಾಲೆ ಅವಸರ ಬಿಟ್ಟು ತೂಗಾಡುವ ಒಂದು ಹದ ಇದೆ. ಅದನ್ನು ಹಿಡಿಯುವುದರಲ್ಲಿ ನನಗಿರುವ ಖುಷಿ ಮನೆಯವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಒಲೆಯ ಗಾಜು ಮಸಿ ಹಿಡಿದರೆ ಒದ್ದೆ ಮಾಡಿದ ಪೇಪರನ್ನು ಬೂದಿಯಲ್ಲಿ ಅದ್ದಿ ತಿಕ್ಕುತ್ತೇನೆ, ಫಳಫಳ.

ಈ ಒಲೆಯ ಮೇಲೆ ನಾನು ಮಾಡುವ ಸಾರಿಗೆ ಬೇಳೆಯೂ ಇಲ್ಲಿಯದೇ. ಗ್ರಾನ್ ಸಾಸ್ಸೊದ ತೆಂಕು ಮಗ್ಗುಲಲ್ಲಿ 1251 ಮೀಟರ್ ಎತ್ತರದ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಊರಿದೆ. ಅದರ ಸುತ್ತಲಿನ ಕಲ್ಲು ಹೊಲಗಳಲ್ಲಿ ಬೆಳೆಯುವ ಚನ್ನಂಗಿ ಕಪ್ಪು ಕಂದು, ಕಾಳು ತೀರಾ ಪುಟ್ಟದು, ನೆನೆಹಾಕುವ ಗೊಡವೆಯೇ ಇಲ್ಲ. ಊರವರು ಅದಕ್ಕೆ ಬೆಳ್ಳುಳ್ಳಿ, ಲವಂಗದೆಲೆ, ಆಲಿವ್ ಎಣ್ಣೆ ಹಾಕಿ ಸೂಪು ಮಾಡುತ್ತಾರೆ. ನಾನು ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಕೊಡುತ್ತೇನೆ. ಅಜ್ಜಿ ಒಮ್ಮೆ ಚಮಚದಲ್ಲಿ ರುಚಿ ನೋಡಿ, ಕೆಮ್ಮಿ, ಇನ್ನೂ ಸ್ವಲ್ಪ ಹಾಕಿಸಿಕೊಂಡಳು.

ಹಿಮ ಬಿದ್ದ ಬೆಳಗ್ಗೆ ಎಚ್ಚರವಾಗುವುದು ನಗರಸಭೆಯ ಹಿಮಗುದ್ದಲಿ ಗಾಡಿಯ ಕರಕರ ಸದ್ದಿಗೆ. ರಸ್ತೆಯೇನೋ ಚೊಕ್ಕಟವಾಗುತ್ತದೆ, ಅದು ಗುಡಿಸಿದ್ದೆಲ್ಲ ನಮ್ಮ ಬಾಗಿಲ ಮುಂದೆ ಗಟ್ಟಿ ಗೋಡೆಯಾಗಿ ನಿಂತಿರುತ್ತದೆ. ಹೊಸ ಹಿಮ ಹಗುರ, ಘನ ಮೀಟರಿಗೆ ಸುಮಾರು ನೂರು ಕಿಲೊ. ಬಿಸಿಲು ಬಿದ್ದು ನೀರು ಹಿಡಿದರೆ ಅದೇ ಹಿಮ ಮೂರು ನಾಲ್ಕು ಪಟ್ಟು ತೂಗುತ್ತದೆ. ಹಾಗಾಗಿ ಕಾಫಿಗಿಂತ ಮುಂಚೆ ಸಲಿಕೆ. ಸಲಿಕೆಯ ಅಲಗಿಗೆ ಮೇಣದಬತ್ತಿ ಉಜ್ಜಿಕೊಂಡರೆ ಹಿಮ ಅಂಟದೆ ಜಾರುತ್ತದೆ. ಮೆಟ್ಟಿಲಿಗೆ ಹಿಂದಿನ ದಿನದ ಒಲೆಯ ಬೂದಿ ಚೆಲ್ಲಿದರೆ ಕಾಲಿಗೆ ಹಿಡಿತ. ಸೂರಿನ ಕೆಳಗೆ ಮಾತ್ರ ನಿಲ್ಲಬಾರದು, ಹೆಂಚಿನ ಮೇಲಿನ ಹಿಮ ಹೇಳದೆ ಕೇಳದೆ ಒಂದೇ ಹಲ್ಲೆಯಾಗಿ ಜಾರುತ್ತದೆ.

ಕೆಲಸ ಮುಗಿಸಿ ಸೊಂಟ ನೆಟ್ಟಗೆ ಮಾಡಿದಾಗ ಮೊದಲು ಕಣ್ಣು ಹೋಗುವುದು ಹೊಗೆಗೂಡುಗಳ ಕಡೆ. ಬೇಸಿಗೆಯಲ್ಲಿ ರೋಮಿನಿಂದ ಬಂದು ತುಂಬಿಕೊಳ್ಳುವ ಮನೆಗಳೆಲ್ಲ ಈಗ ಬೀಗ. ಯಾರ ಗೂಡಿನಿಂದ ಹೊಗೆ ಏಳುತ್ತಿದೆಯೋ ಅವರು ಊರಲ್ಲಿದ್ದಾರೆ, ಎದ್ದಿದ್ದಾರೆ, ಕ್ಷೇಮ. ಊರಿನ ಹಾಜರಿ ಪುಸ್ತಕ ಅದೇ. ಹತ್ತು ಗಂಟೆಯಾದರೂ ಹೊಗೆ ಕಾಣದಿದ್ದರೆ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ.

ಈ ಹಾಜರಿ ಹಿಂದೆ ಹೆಚ್ಚಾಗಿ ಹೆಂಗಸರದಾಗಿತ್ತು. ಆಗ ಇಲ್ಲಿಯ ಗಂಡಸರಲ್ಲಿ ಬಹಳ ಮಂದಿ ಕುರಿಗಾರರು. ಶರತ್ಕಾಲದಲ್ಲಿ ಮಂದೆ ಹೊಡೆದುಕೊಂಡು ಪುಲಿಯಾದ ಬಯಲಿಗೆ ಇಳಿದುಬಿಡುತ್ತಿದ್ದರು, ಮರಳುತ್ತಿದ್ದದ್ದು ಬೇಸಿಗೆಯ ಮುಂಚೆ. ಇಲ್ಲಿಯ ಲಾಕ್ವಿಲಾದಿಂದ ಅಲ್ಲಿಯ ಫೊಜ್ಜಾದವರೆಗೆ ಮಂದೆ ನಡೆಯುತ್ತಿದ್ದ ಹುಲ್ಲುಹಾದಿ 244 ಕಿಲೊಮೀಟರ್ ಉದ್ದ, 111 ಮೀಟರ್ ಅಗಲ. ಅಷ್ಟೂ ಕುರಿಗಳಿಗೆ ಕಂದಾಯ ವಸೂಲಿಗೆಂದು 15ನೇ ಶತಮಾನದಲ್ಲೇ ದೊರೆಗಳು ಕಚೇರಿ ಮಾಡಿದ್ದರು. 2019ರಲ್ಲಿ ಯುನೆಸ್ಕೊ ಈ ವಲಸೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಕುರಿಗಾರನ ಮೇಲೆ ಪದ್ಯ, ಪಟ, ಪ್ರತಿಮೆ ಬೇಕಾದಷ್ಟಿವೆ. ಹಿಮದಲ್ಲಿ ಉಳಿದು ಸೌದೆ ಸೀಳಿ, ಮಕ್ಕಳನ್ನೂ ಮುದುಕರನ್ನೂ ಬೆಚ್ಚಗಿಟ್ಟು, ಒಲೆಯ ಬೂದಿಯ ತಿಳಿನೀರಿನಲ್ಲೇ ಬಟ್ಟೆ ಒಗೆದವಳಿಗೆ ಒಂದು ಪ್ರತಿಮೆಯನ್ನೂ ಈ ಸುತ್ತಿನಲ್ಲಿ ನಾನು ಕಂಡಿಲ್ಲ. ಅಜ್ಜಿಗೆ ಸೌದೆಯ ‘ಟಣ್’ ಕಲಿಸಿದ್ದು ಅವಳ ಅಮ್ಮ.

ಜನವರಿ ನಡುವೆ ಸಂತ ಆಂತೋನಿಯೊನ ಹಬ್ಬ, ಊರೂರಲ್ಲಿ ಕಿಚ್ಚು. ಫಾರಾ ಫಿಲಿಯೊರುಮ್ ಪೆತ್ರಿ ಎಂಬಲ್ಲಿ 16ರ ಸಂಜೆ ಜೊಂಡಿನ ಎತ್ತರದ ಕಂಬಗಳನ್ನು ಸಾಲಾಗಿ ನಿಲ್ಲಿಸಿ ಹೊತ್ತಿಸುತ್ತಾರೆ. ತಿಂಗಳ ಕೊನೆಯ ಮೂರು ದಿನ, 29ರಿಂದ 31, ವರ್ಷದಲ್ಲೇ ಹೆಚ್ಚು ಚಳಿಯವು ಎಂಬುದು ಇಟಲಿಯ ಜನರ ನಂಬಿಕೆ. ಮೊದಲು ಬೆಳ್ಳಗಿದ್ದ ಹಕ್ಕಿಯೊಂದು ಆ ಮೂರು ದಿನ ಹೊಗೆಗೂಡಿನಲ್ಲಿ ಅವಿತು ಹೊರಬರುವಾಗ ಕಪ್ಪಾಗಿತ್ತಂತೆ. ಅಲ್ಲಿಂದ ಅದರ ಸಂತಾನವೆಲ್ಲ ಕಪ್ಪು. ಹೊಗೆಗೂಡು ಗುಡಿಸದಿದ್ದರೆ ಹೀಗೇ ಆಗುವುದು ಎಂದು ಅಜ್ಜಿಯ ವ್ಯಾಖ್ಯಾನ.

ಎಲ್ಲ ಚಳಿಗಾಲವೂ ಕಥೆಯಲ್ಲಿ ಮುಗಿಯುವುದಿಲ್ಲ. 2017ರ ಜನವರಿ 18ರಂದು ಆಳೆತ್ತರದ ಹಿಮದ ನಡುವೆಯೇ ಭೂಮಿ ಒಂದೇ ದಿನ ಮತ್ತೆ ಮತ್ತೆ ನಡುಗಿತು. ಅಂದು ಸಂಜೆ ಇದೇ ಸೀಮೆಯ ರಿಗೊಪಿಯಾನೊದ ಹೋಟೆಲೊಂದರ ಮೇಲೆ ಹಿಮಕುಸಿತವಾಗಿ 29 ಮಂದಿ ಸತ್ತರು. ಅಬ್ರುಜ್ಜೊದಲ್ಲಿ ಸಾವಿರಾರು ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಈಗ ಎಲ್ಲರೂ ಕೊಳ್ಳುವ ಪೆಲೆಟ್ ಒಲೆ, ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ ಉರಿಸುವ ಒಲೆ, ಗುಂಡಿ ಒತ್ತಿದರೆ ಹೊತ್ತುತ್ತದೆ, ಬೂದಿಯೂ ಕಮ್ಮಿ. ಆದರೆ ಗುಳಿಗೆ ತಳ್ಳುವುದಕ್ಕೂ ಗಾಳಿ ಊದುವುದಕ್ಕೂ ಅದಕ್ಕೆ ಕರೆಂಟ್ ಬೇಕು. ಕರೆಂಟ್ ಹೋದ ರಾತ್ರಿ ಅದು ಬರೀ ಪೆಟ್ಟಿಗೆ. ಸೌದೆ ಒಲೆಗೆ ಬೇಕಾದದ್ದು ಒಂದು ಕಡ್ಡಿಪೆಟ್ಟಿಗೆ.

ನೋಡಲು ಬರುವವರು ಫೆಬ್ರವರಿಯಲ್ಲಿ ಬನ್ನಿ. ಗಾಡಿಗೆ ಹಿಮದ ಟೈರ್ ಇರಲಿ, ಇಲ್ಲವೇ ಡಿಕ್ಕಿಯಲ್ಲಿ ಚೈನ್ ಇರಲಿ. ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಈ ರಸ್ತೆಗಳಲ್ಲಿ ಅದಿಲ್ಲದೆ ಸಿಕ್ಕಿಬಿದ್ದರೆ ದಂಡ. ಉಡುಗೊರೆ ಏನೂ ಬೇಡ, ಇಂಗಿನ ಡಬ್ಬಿಯೊಂದು ಸಾಕು. ಒಳಗೆ ಬರುವಾಗ ಬಾಗಿಲ ಪಕ್ಕದ ಒಟ್ಟಿಲಿನಿಂದ ಎರಡು ಸೌದೆ ಎತ್ತಿಕೊಂಡೇ ಬನ್ನಿ. ಬರಿಗೈಯಲ್ಲಿ ಬಂದವರಿಗೆ ನಮ್ಮ ಮನೆಯಲ್ಲಿ ಕಾಫಿ ಇಲ್ಲ.