ಎಲುಬು ಜಡವಲ್ಲ

ಅಸ್ಥಿ ಎಂದೊಡನೆ ನಮ್ಮ ಜನರ ಮನಸ್ಸು ಸ್ಮಶಾನದತ್ತ ಹೋಗುತ್ತದೆ. ಬದುಕಿರುವವನ ಎಲುಬು ಕೂಡ ಮನೆಯ ತೊಲೆಕಂಬಗಳಂತೆ ಸುಮ್ಮನೆ ಭಾರ ಹೊತ್ತು ನಿಂತಿರುವುದೆಂದೇ ವಿದ್ಯಾವಂತರೂ ಭಾವಿಸಿರುತ್ತಾರೆ. ಈ ಭಾವನೆಯಿಂದಾಗುವ ಹಾನಿಯನ್ನು ಕಣ್ಣಾರೆ ಕಂಡುದರಿಂದ ನಾಲ್ಕು ಮಾತು ಬರೆಯಬೇಕೆನಿಸಿತು.

ಪಾಠಶಾಲೆಯಲ್ಲಿ ನಾವು ಓದಿದ ಶಾರೀರಸ್ಥಾನದಲ್ಲಿ ಚರಕನು 360, ಸುಶ್ರುತನು 300 ಎಲುಬುಗಳನ್ನು ಹೇಳುತ್ತಾನೆ. ವಿಶ್ವವಿದ್ಯಾಲಯದಲ್ಲಿ ಕೇಳಿದ್ದು 206. ಇದರಲ್ಲಿ ಜಗಳವೇನಿಲ್ಲ. ಪ್ರಾಚೀನರು ಹಲ್ಲುಗಳನ್ನೂ ಎಣಿಸಿದರು. ಸುಶ್ರುತನು ಮೃದ್ವಸ್ಥಿಗಳನ್ನು ಸೇರಿಸಿದನು, ಚರಕನು ಉಗುರನ್ನೂ ಬಿಡಲಿಲ್ಲ. ಸುಶ್ರುತನ ಐದು ವಿಧಗಳಾದ ಕಪಾಲ, ರುಚಕ, ತರುಣ, ವಲಯ, ನಲಕಗಳಲ್ಲಿ ನಮಗೆ ಹಿಡಿಸಿದ್ದು ಕೊನೆಯ ಹೆಸರು. ನಲಕವೆಂದರೆ ನಳಿಗೆ. ತೊಡೆಯ ಎಲುಬು ಬಿದಿರಿನಂತೆ ಒಳಗೆ ಪೊಳ್ಳು. ಆದುದರಿಂದಲೇ ಹಗುರ, ಆದರೂ ಗಟ್ಟಿ. ತಲೆಬುರುಡೆಯ ಚಪ್ಪಟೆ ಎಲುಬು ಮೆದುಳನ್ನು ಕಾಯುತ್ತದೆ, ಪಕ್ಕೆಲುಬು ಹೃದಯವನ್ನು. ಇದು ಎಲ್ಲರೂ ಬಲ್ಲ ಸಂಗತಿ.

ಕಾಣದಿರುವ ಕೆಲಸವೇ ಹೆಚ್ಚು. ಸೊಂಟ, ಎದೆ, ಬೆನ್ನುಹುರಿಯ ಎಲುಬುಗಳ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ದೇಹದ ಸುಣ್ಣದಂಶದಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿಯೇ ಇದೆ. ರಕ್ತದಲ್ಲಿ ಅದು ಕಡಿಮೆಯಾದರೆ ಹೃದಯ ನರಗಳ ಕೆಲಸ ಕೆಡುವುದು. ಆಗ ಎಲುಬು ತನ್ನ ಕಣಜವನ್ನು ಬಿಚ್ಚಿ ಕೊಡುತ್ತದೆ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಜೀವಕೋಶಗಳು ಅದರೊಳಗೆ ಸದಾ ದುಡಿಯುತ್ತಿರುತ್ತವೆ. ನಡೆದಾಡಿದರೆ ಕಟ್ಟುವ ಕೆಲಸಕ್ಕೆ ಬಲ, ಮಲಗಿದರೆ ಸವಕಳಿ. ಮುಟ್ಟು ನಿಂತ ತಾಯಂದಿರಲ್ಲಿ ಈ ಸವಕಳಿ ಬಹು ಬೇಗ.

ಭಕ್ತರೊಬ್ಬರ ತಾಯಿ ಬಚ್ಚಲಲ್ಲಿ ಜಾರಿ ತೊಡೆಯೆಲುಬಿನ ಕುತ್ತಿಗೆ ಮುರಿದುಕೊಂಡರು. ನೋಡಲು ಹೋದಾಗ ಮಗ, “ಅಪ್ಪಾರ, ಮುದಿ ಎಲುಬು ಕೂಡೂದಿಲ್ಲರಿ, ಸುಮ್ಮನ ಯಾಕ ಕೊಯ್ಸೋದು?” ಎಂದರು. ನಾವು ಎಷ್ಟು ಹೇಳಿದರೂ ಮನೆಯವರು ಒಪ್ಪಲಿಲ್ಲ. ಬೆನ್ನಿಗೆ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ, ಎರಡು ತಿಂಗಳಲ್ಲಿ ಆ ತಾಯಿ ತೀರಿಕೊಂಡರು.

ಎಲುಬು ಮುದಿಯಾದರೂ ಕೂಡುತ್ತದೆ. ಎಪ್ಪತ್ತು ದಾಟಿದವರ ಮುರಿದ ಮಣಿಕಟ್ಟು ಪ್ಲಾಸ್ಟರಿನೊಳಗೆ ಕೆಲವೇ ವಾರಗಳಲ್ಲಿ ಕೂಡಿದ್ದನ್ನು ಮಠದಲ್ಲಿಯೇ ಕಂಡಿದ್ದೇವೆ. ತೊಡೆಯೆಲುಬಿನ ಕುತ್ತಿಗೆಯ ಸಂಗತಿ ಬೇರೆ. ಚೆಂಡಿನಂತಿರುವ ಅದರ ತಲೆಗೆ ರಕ್ತ ಹೋಗುವುದು ಆ ಕುತ್ತಿಗೆಯನ್ನು ಹಾಯ್ದು. ಅಲ್ಲಿ ಮುರಿದು ಸ್ಥಾನ ತಪ್ಪಿದರೆ ರಕ್ತನಾಳಗಳೂ ಹರಿಯುತ್ತವೆ. ಅನ್ನವಿಲ್ಲದೆ ಯಾವ ಜೀವ ತಾನೇ ಚಿಗುರೀತು? ಆದಕಾರಣ ವೈದ್ಯರು ಆ ಚೆಂಡನ್ನು ತೆಗೆದು ಲೋಹದ್ದನ್ನು ಕೂಡಿಸುತ್ತಾರೆ. ಒಂದೆರಡು ದಿನಗಳಲ್ಲಿಯೇ ಇದಾದರೆ ಬಹಳ ಮಂದಿ ಮರುದಿನವೇ ಆಸರೆ ಹಿಡಿದು ಎದ್ದು ನಿಲ್ಲುತ್ತಾರೆ. ಹಾಸಿಗೆಯ ಹುಣ್ಣಿಗೂ ಕಫಕ್ಕೂ ಅವಕಾಶ ಕಡಿಮೆ.

ಮಠದ ಸ್ನಾನದ ಮನೆಯ ಗೋಡೆಗೆ ಹೋದ ವರ್ಷ ಕಬ್ಬಿಣದ ಹಿಡಿಕೆ ಹಾಕಿಸಿ, ನುಣುಪು ಕಲ್ಲುಗಳನ್ನು ಕೆತ್ತಿಸಿ ಒರಟು ಮಾಡಿಸಿದೆವು. ಖರ್ಚು ಬಹಳವಾಗಲಿಲ್ಲ, ಊರ ಬಡಿಗನೇ ಒಂದು ದಿನದಲ್ಲಿ ಹಿಡಿಕೆ ಕೂಡಿಸಿದ.