ಎಲ್ಲಿ ಹುಡುಕಬೇಕೆಂದು ಹೇಳಿಡೋಣ

ನಮ್ಮ ಊರಿನ ದೊಡ್ಡ ಮನೆಗಳಲ್ಲಿ ತಾತನ ಹೆಸರನ್ನೇ ಮೊಮ್ಮಕ್ಕಳಿಗೆ ಇಡುವುದು ವಾಡಿಕೆ. ದೊಡ್ಡಮ್ಮ "ವೆಂಕಟೇಶಾ" ಎಂದು ಕೂಗಿದರೆ ನಡುಮನೆಯಿಂದೊಬ್ಬ, ಹಿತ್ತಲಿನಿಂದೊಬ್ಬ ಓಗೊಡುತ್ತಾರೆ. ಯಾವ ವೆಂಕಟೇಶ ಬೇಕೆಂದು ಅವರು ಮುಖ ನೋಡಿ ಆರಿಸುತ್ತಾರೆ. ಕಂಪ್ಯೂಟರಿಗೆ ಆ ಜಾಣತನವಿಲ್ಲ. ಮೊದಲು ಎದುರಾದವನನ್ನೇ ಕೈಹಿಡಿದು ಕರೆದೊಯ್ಯುತ್ತದೆ.

ಇದನ್ನು ಹೇಳಲು ಕಾರಣವಿದೆ. ನಮ್ಮ ಸಂಘದ ಪತ್ರಿಕೆಗೆ ವಿಳಾಸದ ಚೀಟಿ ಅಚ್ಚುಮಾಡುವ ಪುಟ್ಟ ಪರ್ಲ್ ಪ್ರೋಗ್ರಾಮೊಂದು ಹಳೆಯ ಕಮಿಟಿಯಿಂದ ಸೀಡರ್ ಪಾರ್ಕಿನ ನಮ್ಮ ಮನೆಗೆ ಬಂತು. ಯುಗಾದಿ ಸಂಚಿಕೆ ಅಂಚೆಗೆ ಹೋಗಬೇಕು. ಕಾಗದದ ಪ್ರತಿಗಾಗಿಯೇ ಕಾಯುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಸರಾಗವಾಗಿ ನಡೆಯುತ್ತಿದ್ದ ಪ್ರೋಗ್ರಾಮು ಇಲ್ಲಿ ಲೈಬ್ರರಿ ಸಿಕ್ಕಲಿಲ್ಲವೆಂದು ನಿಂತುಬಿಟ್ಟಿತು. ಆ ಲೈಬ್ರರಿಯೋ, ಅದರ ಪಕ್ಕದಲ್ಲೇ ಇತ್ತು!

ಪರ್ಲ್ ಭಾಷೆ ಲೈಬ್ರರಿಗಳನ್ನು ಹುಡುಕುವ ಜಾಗಗಳಿಗೆ ಒಂದು ಪಟ್ಟಿಯಿದೆ, ಹೆಸರು ಐಎನ್‌ಸಿ. ಸಿಗದಿದ್ದಾಗ ಎಲ್ಲೆಲ್ಲಿ ಹುಡುಕಿದೆನೆಂದು ಪಟ್ಟಿಯನ್ನೇ ಮುದ್ರಿಸುತ್ತದೆ. ಅದನ್ನು ಓದಿದರೆ ಅರ್ಧ ಕೆಲಸ ಮುಗಿದಂತೆ. ಹಿಂದೆ ಆ ಪಟ್ಟಿಯ ಕೊನೆಯಲ್ಲಿ 'ನಾವು ಈಗ ನಿಂತಿರುವ ಫೋಲ್ಡರು' ಕೂಡ ಇರುತ್ತಿತ್ತು. 2017ರ 5.26ನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ರೂಬಿ ಭಾಷೆಯವರು 2010ರಲ್ಲೇ, 1.9.2ರಲ್ಲಿ, ತೆಗೆದಿದ್ದರು. ಇದು ಮೊಂಡುತನವಲ್ಲ. ಬೀದಿಯಲ್ಲಿ ನಿಂತು "ವೆಂಕಟೇಶಾ" ಎಂದು ಕೂಗಿದರೆ ಯಾವನೋ ಮನೆಯೊಳಗೆ ಬಂದಾನು! ಹಲವರು ಬಳಸುವ ಫೋಲ್ಡರಿನಲ್ಲಿ ಕಿಡಿಗೇಡಿಯೊಬ್ಬ ಅದೇ ಹೆಸರಿನ ಫೈಲು ಇಟ್ಟರೆ ನಮ್ಮ ಪ್ರೋಗ್ರಾಮು ಅದನ್ನೇ ನಂಬಿ ನಡೆಸೀತು.

ಮಕ್ಕಳು ಶಾಲೆಯಲ್ಲಿ ಕಲಿಯುವ ಪೈಥಾನ್‌ನಲ್ಲಿ ಪ್ರೋಗ್ರಾಮು ಇರುವ ಫೋಲ್ಡರಿಗೇ ಮೊದಲ ಸ್ಥಾನ. ಹುಡುಗನೊಬ್ಬ ತನ್ನ ಫೈಲಿಗೆ 'ರ‍್ಯಾಂಡಮ್' ಎಂದು ಹೆಸರಿಟ್ಟರೆ, ಪೈಥಾನ್‌ನ ಸ್ವಂತ ರ‍್ಯಾಂಡಮ್ ಲೈಬ್ರರಿ ಅದರ ಹಿಂದೆ ಮರೆಯಾಗುತ್ತದೆ. ಮನೆಯಲ್ಲಿ ಇಂಥ ಗೋಳು ಕಂಡರೆ ಮೊದಲು ಫೈಲಿನ ಹೆಸರು ನೋಡಿ.

ನಮ್ಮ ಚೀಟಿ ಪ್ರೋಗ್ರಾಮಿಗೆ ಎರಡು ದಾರಿಗಳಿದ್ದವು. 'ಪರ್ಲ್5ಲಿಬ್' ಎಂಬ ಸೆಟ್ಟಿಂಗಿನಲ್ಲಿ ಜಾಗದ ಹೆಸರು ಬರೆದಿಡುವುದು ಸುಲಭದ ದಾರಿ. ಆದರೆ ಅದು ಒಬ್ಬರ ಖಾತೆಯಲ್ಲೇ ಉಳಿಯುತ್ತದೆ. ಅವರ ಬೇರೆ ಪರ್ಲ್ ಪ್ರೋಗ್ರಾಮುಗಳಿಗೂ ಅಂಟಿಕೊಳ್ಳುತ್ತದೆ. ಮುಂದಿನ ಕಮಿಟಿಯವರಿಗೆ ಗೊತ್ತೇ ಆಗುವುದಿಲ್ಲ. ಎರಡನೆಯದು, 'ಯೂಸ್ ಲಿಬ್' ಎಂದು ಪ್ರೋಗ್ರಾಮಿನೊಳಗೇ ಬರೆಯುವುದು. ಜೊತೆಗೆ 'ಫೈಂಡ್‌ಬಿನ್' ಬಳಸಿದರೆ ಪ್ರೋಗ್ರಾಮು ತಾನಿರುವ ಫೋಲ್ಡರನ್ನು ತಾನೇ ಕಂಡುಕೊಳ್ಳುತ್ತದೆ. ಯಾರ ಮನೆಗೆ ಹೋದರೂ ಲೈಬ್ರರಿಯನ್ನು ಜೊತೆಗಿಟ್ಟರೆ ಸಾಕು. ನಾವು ಇದನ್ನೇ ಆರಿಸಿದೆವು. ಎರಡು ಸಾಲು ಸೇರಿತು, ಚೀಟಿಗಳು ಬಂದವು, ಸಂಚಿಕೆ ಹಬ್ಬಕ್ಕೆ ಮೊದಲೇ ಅಂಚೆ ಸೇರಿತು.

ಕಮಿಟಿಗಳು ಬದಲಾಗುತ್ತವೆ, ಕಂಪ್ಯೂಟರುಗಳೂ ಬದಲಾಗುತ್ತವೆ. ಕೆಲಸವನ್ನು ಇನ್ನೊಬ್ಬರಿಗೆ ವಹಿಸುವ ಮಿತ್ರರಲ್ಲಿ ನಮ್ಮದೊಂದು ವಿನಂತಿ: ಎಲ್ಲಿ ಹುಡುಕಬೇಕೆಂಬುದನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಕೆಲಸದ ಜೊತೆಯಲ್ಲೇ ಬರೆದು ಕೊಡಿ. ಸಂಘದ ದೊಡ್ಡ ಸಾರಿನ ಪಾತ್ರೆಗಳು ಯಾರ ಗರಾಜಿನಲ್ಲಿವೆ ಎಂಬುದಕ್ಕೂ ಈ ಮಾತು ಸಲ್ಲುತ್ತದೆ!