ಚಿಕ್ಕಪ್ಪನ ಮೂಗಿಲ್ಲದ ಗಾಡಿ

ಹೊಸದುರ್ಗದ ನಮ್ಮ ಚಿಕ್ಕಪ್ಪನವರ ತೋಟಕ್ಕೆ ಬಂದುಹೋದ ನೆಂಟರೆಲ್ಲರಿಗೂ ಆ ಗಾಡಿಯ ನೆನಪಿರಲೇಬೇಕು. ಮಹೀಂದ್ರ ಕಂಪನಿಯ ಎಫ್‌ಸಿ-150 ಎಂಬ ಪಿಕಪ್ ಅದು. ಎಂಜಿನ್ ಮುಂದಕ್ಕೆ ಚಾಚಿಕೊಳ್ಳದೆ ಚಾಲಕನ ಪಕ್ಕದಲ್ಲಿಯೇ ಕುಳಿತಿದ್ದುದರಿಂದ ಮಕ್ಕಳಾದ ನಾವು ಅದನ್ನು ‘ಮೂಗಿಲ್ಲದ ಗಾಡಿ’ ಎನ್ನುತ್ತಿದ್ದೆವು. ಅಮೆರಿಕದ ವಿಲ್ಲೀಸ್ ಕಂಪನಿಯು 1956ರ ಕೊನೆಯಲ್ಲಿ ಹೊರತಂದ ಮಾದರಿ. ರೂಪಿಸಿದವರು ಬ್ರೂಕ್ಸ್ ಸ್ಟೀವನ್ಸ್. ಚಿಕ್ಕಪ್ಪ ಕೊಂಡದ್ದು 1968ರಲ್ಲಿ. ಆಗಿನ್ನೂ ರಾಜ್ಯದ ಹೆಸರು ಮೈಸೂರು. ಆದ್ದರಿಂದ ಗಾಡಿಯ ಸಂಖ್ಯೆ ‘ಎಂವೈ’ ಎಂದೇ ಆರಂಭವಾಗುತ್ತದೆ. ನಮ್ಮ ಜಿಲ್ಲೆಗೆ ಕೆಎ-16 ಬಂದದ್ದು ಎಷ್ಟೋ ವರ್ಷಗಳ ಮೇಲೆ.

ತೆಂಗಿನಕಾಯಿ, ಕೊಬ್ಬರಿ ತುಂಬಿಕೊಂಡು ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಹೊರಟರೆ ನನಗೆ ಸಿಗುತ್ತಿದ್ದ ಆಸನ ಎಂಜಿನ್ನಿನ ಮುಚ್ಚಳ. ಕೆಳಗೆ ಗೋಣಿಚೀಲ ಮಡಿಸಿ ಹಾಕದಿದ್ದರೆ ತೊಡೆ ಸುಡುತ್ತಿತ್ತು. ಚಿಕ್ಕಮ್ಮ ರೊಟ್ಟಿಯ ಗಂಟನ್ನೂ ಅದರ ಮೇಲೆಯೇ ಇಡುತ್ತಿದ್ದರು. ದುರ್ಗದ ಕೋಟೆ ಕಣ್ಣಿಗೆ ಬೀಳುವ ಹೊತ್ತಿಗೆ ಬಿಚ್ಚಿದರೆ ಆಗತಾನೆ ಒಲೆಯಿಂದ ಇಳಿಸಿದಂತಿರುತ್ತಿತ್ತು. ಅದರ ರುಚಿಗೆ ಪೆಟ್ರೋಲಿನ ವಾಸನೆಯೂ ಒಂದಿಷ್ಟು ಸೇರಿತ್ತೆನ್ನಿ.

1994ರಲ್ಲಿ ಗಾಡಿ ಹುಣಸೆಮರದ ಕೆಳಗೆ ನಿಂತಿತು. ಪೆಟ್ರೋಲಿನ ಖರ್ಚು ತಾಳಲಾಗಲಿಲ್ಲ. ಕೋಳಿಗಳು ಅದರೊಳಗೆ ಮೊಟ್ಟೆಯಿಡತೊಡಗಿದವು. ಕಳೆದ ವರ್ಷ ಚಿಕ್ಕಪ್ಪನ ಮಗ ಅದನ್ನು ಎಬ್ಬಿಸುವ ಪಣ ತೊಟ್ಟ. ನಾನು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ: 2021ರ ಕೇಂದ್ರ ನಿಯಮದಂತೆ, ಐವತ್ತು ವರ್ಷ ಮೀರಿದ ಖಾಸಗಿ ವಾಹನ ಮೂಲರೂಪದಲ್ಲಿಯೇ ಇದ್ದರೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ದೊರೆಯುತ್ತದೆ, ಆದರೆ ಪ್ರದರ್ಶನ, ರ‍್ಯಾಲಿ ಮುಂತಾದವುಗಳಿಗಲ್ಲದೆ ದಿನದ ಬಳಕೆಗೆ ರಸ್ತೆಗಿಳಿಸುವಂತಿಲ್ಲ. “ಕಾಯಿ ಹೊರದ ಗಾಡಿ ನಮಗ್ಯಾಕಣ್ಣಾ?” ಎಂದುಬಿಟ್ಟ.

ಕೆಲಸ ಒಪ್ಪಿಕೊಂಡವನು ಹಿರಿಯೂರಿನಲ್ಲಿ ಗ್ಯಾರೇಜಿಟ್ಟಿರುವ ನನ್ನ ಶಿಷ್ಯ. ಹತ್ತನೆಯ ತರಗತಿಯಲ್ಲಿ ಇವನೊಮ್ಮೆ ಎದ್ದು ನಿಂತು, ಸ್ಪಾರ್ಕ್ ಪ್ಲಗ್ ಇಲ್ಲದೆ ಡೀಸೆಲ್ ಹೇಗೆ ಹೊತ್ತಿಕೊಳ್ಳುತ್ತದೆಂದು ಕೇಳಿದ್ದ. ಪಾಠ ಮುಗಿಸುವ ಆತುರದಲ್ಲಿ ನಾನು, “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದಿದ್ದೆ. ಆ ವರ್ಷ ಅವನು ವಿಜ್ಞಾನದಲ್ಲಿಯೇ ಅನುತ್ತೀರ್ಣನಾದ.

ಆ ಉತ್ತರವನ್ನು ಈಗ ಅವನೇ ನನಗೆ ಹೇಳಿದ. ಹಳೆಯ ಹರಿಕೇನ್ ಎಂಜಿನ್ 2.2 ಲೀಟರಿನದು, ಎಪ್ಪತ್ತೈದು ಅಶ್ವಶಕ್ತಿ; ಅದರಲ್ಲಿ ಗಾಳಿ-ಪೆಟ್ರೋಲು ಸುಮಾರು ಏಳರಲ್ಲೊಂದು ಪಾಲಿಗೆ ಒತ್ತಲ್ಪಟ್ಟು ಕಿಡಿಯಿಂದ ಉರಿಯುತ್ತದೆ. ಅವನು ತಂದ ಬೊಲೆರೊದ 2523 ಸಿಸಿ ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಅದಕ್ಕಿಂತ ಇಮ್ಮಡಿಗೂ ಮಿಕ್ಕಿದ್ದು; ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. “ಅದಕ್ಕೇ ಸಾರ್, ಈ ಎಂಜಿನ್ ತೂಕನೂ ಜಾಸ್ತಿ, ನಡುಕನೂ ಜಾಸ್ತಿ” ಎಂದು ಹಳೆಯ ಚಾಸಿಯನ್ನು ತಟ್ಟಿ ತೋರಿಸಿದ. ಅಡ್ಡಪಟ್ಟಿ ಬಲಪಡಿಸಿ, ಹೊಸ ರಬ್ಬರ್ ಮೌಂಟಿಂಗ್ ಕೂಡಿಸಿ, ಮೂರು ಗೇರಿನ ಪೆಟ್ಟಿಗೆಯ ಜಾಗದಲ್ಲಿ ಐದು ಗೇರಿನದನ್ನಿಟ್ಟ. ಪ್ರೊಪೆಲ್ಲರ್ ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ ಅಳತೆಗೆ ತಂದ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಜೊತೆಗೆ ಪವರ್ ಸ್ಟಿಯರಿಂಗ್. ಹೊರಗಿನ ತಗಡು ಮಾತ್ರ ಹಳೆಯದೇ, ಬಣ್ಣವೂ ಅದೇ ಹಸಿರು. ಆರು ತಿಂಗಳು ಹಿಡಿಯಿತು. ಕೂಲಿಯಲ್ಲಿ ನನ್ನ ಮುಖ ನೋಡಿ ರಿಯಾಯಿತಿ ಕೊಟ್ಟದ್ದು ನನಗೆ ಅಷ್ಟೇನೂ ಹಿತವೆನಿಸಲಿಲ್ಲ. ಆ ಮುಖ ಅವನಿಗೆ ಕೊಟ್ಟದ್ದೇನೆಂದು ಇಬ್ಬರಿಗೂ ಗೊತ್ತು.

ಚಿಕ್ಕಪ್ಪನಿಗೀಗ ಎಂಬತ್ತೇಳು. ಗಾಡಿ ತೋಟಕ್ಕೆ ಬಂದ ದಿನ ಊರುಗೋಲು ಮಗನ ಕೈಗೆ ಕೊಟ್ಟು ತಾವೇ ಹತ್ತಿ ಕುಳಿತರು. ಬೀಗದ ಕೈ ತಿರುಗಿಸಿದರು. ಸದ್ದು ಕೇಳಿ ಹುಬ್ಬು ಗಂಟಿಕ್ಕಿತು. ಕೊಂಚ ಹೊತ್ತು ತಡೆದು, ಮುಚ್ಚಳದ ಮೇಲೆ ಅಂಗೈ ಇಟ್ಟರು. ಒಳಗೆ ಕಾವು ತಡೆಯುವ ಹಾಸು ಹಾಕಿಸಿದ್ದೆವು.

“ಬಿಸಿ ಇಲ್ವಲ್ಲೋ ಮಗಾ” ಎಂದು ನನ್ನನ್ನು ನೋಡಿದರು. “ರೊಟ್ಟಿ ಎಲ್ಲಿಡಾದು?”

ಚಿಕ್ಕಮ್ಮ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ನನಗಾಗಲಿ ಅವರ ಮಗನಿಗಾಗಲಿ ಮಾತು ಹೊರಡಲಿಲ್ಲ. ಶಿಷ್ಯ ಮಾತ್ರ, “ಹಾಸು ತೆಗೆಯೋಣ್ವಾ ಅಜ್ಜಾ?” ಎಂದ. ಬೇಡವೆಂದು ತಲೆಯಾಡಿಸಿ, ಗೇರು ಹಾಕಿ, ಬಾವಿಯವರೆಗೆ ತಾವೇ ನಡೆಸಿಕೊಂಡು ಹೋದರು.

ರಸ್ತೆಗೆ ಮಾತ್ರ ಗಾಡಿ ಇನ್ನೂ ಇಳಿದಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸಲು ಅನುಮತಿ ಮೊದಲೇ ಪಡೆಯಬೇಕಿತ್ತು. ಎಲ್ಲ ಮುಗಿದ ಮೇಲೆ ನಾವು ಅರ್ಜಿ ಬರೆದೆವು. ತಪ್ಪು ನಮ್ಮದೇ. ಕಾನೂನು ಓದಿ ಹೇಳಬೇಕಾಗಿದ್ದ ಮೇಷ್ಟರು ವಿಂಟೇಜ್ ಸುದ್ದಿಯಲ್ಲಿಯೇ ನಿಂತುಬಿಟ್ಟಿದ್ದರು. ಉತ್ತರ ಬರುವವರೆಗೆ ಬೇಲಿಯೊಳಗೆ, ಮರದಿಂದ ಕಣಕ್ಕೆ ಕಾಯಿ ಸಾಗಿಸುವುದೊಂದೇ ಅದರ ಕೆಲಸ.

ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಗೊಡಲಿಲ್ಲ. ಕೊಬ್ಬರಿ ಅಟ್ಟದ ಕೆಳಗೆ ಎರಡು ಕಲ್ಲುಚಪ್ಪಡಿಗಳ ಮೇಲಿದೆ. ಶಿಷ್ಯ ತಿಂಗಳಿಗೊಮ್ಮೆ ಬಂದು, ಎಣ್ಣೆ ಬಿಟ್ಟು, ತುಕ್ಕು ಹಿಡಿಯದಂತೆ ಹ್ಯಾಂಡಲಿನಿಂದ ನಾಲ್ಕು ಸುತ್ತು ತಿರುಗಿಸಿ ಹೋಗುತ್ತಾನೆ. ಕೂಲಿ ಕೇಳುವುದಿಲ್ಲ. ಚಿಕ್ಕಪ್ಪ ಎಲ್ಲಿದ್ದರೂ ಆ ಹೊತ್ತಿಗೆ ಬಂದು ಪಕ್ಕದಲ್ಲಿ ಕುಳಿತಿರುತ್ತಾರೆ.